ಸೆಕೆಗೆ ಸೀ ವ್ಯೂ

ಏಪ್ರಿಲ್ ಕೊನೆಯ ವಾರ ಲಿಫ್ಟಿನಲ್ಲಿ ಸಿಕ್ಕ ಮೂರನೇ ಮಹಡಿಯ ರಾಯರು ನನ್ನನ್ನು ಕಂಡು ಮರುಗಿದರು. "ಇನ್ನೂ ಇಲ್ಲೇ ಬೇಯ್ತಾ ಇದ್ದೀರಾ? ನಾವು ಮೂರು ದಿನ ಮಲ್ಪೆ ಕಡೆ ಹೋಗಿಬಂದ್ವಿ ನೋಡಿ. ಸೂಪರ್! ಸಮುದ್ರದ ಗಾಳಿ ಅಂದ್ರೆ ಏನು ಕೇಳ್ತೀರಿ!" ಎನ್ನುತ್ತಾ ಕುತ್ತಿಗೆಯ ಹಿಂಭಾಗವನ್ನು ಕರಕರ ಕೆರೆದುಕೊಂಡು ಇಳಿದುಹೋದರು. ಅಂದು ರಾತ್ರಿಯೇ ನಮ್ಮ ಮನೆಯಲ್ಲಿ ರೂಮು ಬುಕ್ ಆಯಿತು.

ನಾವು ಬೆಂಗಳೂರಿನವರು ಬಿಸಿಲನ್ನು ಹವಾಮಾನ ಎಂದುಕೊಳ್ಳುವುದಿಲ್ಲ, ಅವಮಾನ ಎಂದುಕೊಳ್ಳುತ್ತೇವೆ. ಕಲಬುರಗಿಯ ನಮ್ಮ ಬೀಗರು 42 ಡಿಗ್ರಿಯಲ್ಲಿ ಶಾಮಿಯಾನ ಹಾಕಿ ಮದುವೆ ಮಾಡಿ, ಎರಡನೇ ಪಂಕ್ತಿಗೂ ಬಿಸಿ ಸಾರು ಬಡಿಸುತ್ತಾರೆ. ನಮಗೆ 36 ದಾಟಿದರೆ ಯಾರೋ ಕಾರ್ಪೊರೇಷನ್‌ಗೆ ದೂರು ಕೊಡಬೇಕು ಅನ್ನಿಸುತ್ತದೆ. 2016ರ ಏಪ್ರಿಲ್‌ನಲ್ಲಿ 39.2 ಆದಾಗಿನಿಂದ ನಗರ ಇನ್ನೂ ಸುಧಾರಿಸಿಕೊಂಡಿಲ್ಲ. ರಸ್ತೆ ಅಗಲಿಸಲು ಮರ ಕಡಿದವರು, ಪಾರ್ಕಿಂಗ್‌ಗೆಂದು ಅಂಗಳಕ್ಕೆ ಸಿಮೆಂಟ್ ಬಳಿದವರು, ಮನೆಯ ಸೆಕೆಯನ್ನು ಏಸಿ ಡಬ್ಬದಿಂದ ಪಕ್ಕದ ಮನೆಯ ಕಿಟಕಿಗೆ ಊದುವವರು ಎಲ್ಲರೂ ಸೇರಿ "ಏನಪ್ಪಾ ಈ ಬಿಸಿಲು" ಎಂದು ಆಕಾಶ ನೋಡುತ್ತೇವೆ. (ನಮ್ಮ ಡಬ್ಬದ ಮುಖ ಎರಡನೇ ಮಹಡಿಯವರ ಕಡೆಗಿದೆ.)

ಹಿಂದಿನವರಿಗೆ ಸೆಕೆಯಿಂದ ಓಡುವುದಕ್ಕೂ ಒಂದು ದಿಕ್ಕು ಗೊತ್ತಿತ್ತು. ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆಯಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟ ಹತ್ತಿ ಕೂರುತ್ತಿದ್ದ. ಅವನ ಬಂಗಲೆ ಇಂದಿಗೂ ಅಲ್ಲಿದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂದು ಹೈಸ್ಕೂಲಿನ ಭೂಗೋಳದಲ್ಲೇ ಓದಿದ್ದೇವೆ. ಅದನ್ನೆಲ್ಲ ಓದಿ, ಪಾಸಾಗಿ, ಕೆಲಸ ಹಿಡಿದು, ಕಾರು ಕೊಂಡು, ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿಸಿ ನಾವು 920 ಮೀಟರ್ ಕೆಳಗಿಳಿದೆವು.

ಸಕಲೇಶಪುರದಲ್ಲಿ ಗಾಳಿ ತಂಪಾಗಿತ್ತು. ಹೆಂಡತಿ ಶಾಲು ಹೊದ್ದಳು. ಶಿರಾಡಿ ಇಳಿದು ಗುಂಡ್ಯ ದಾಟುವಷ್ಟರಲ್ಲಿ ಶಾಲು ಹಿಂದಿನ ಸೀಟಿಗೆ ಹೋಯಿತು. ಉಪ್ಪಿನಂಗಡಿಯಲ್ಲಿ ಚಹಾ ಕುಡಿಯಲು ಬಾಗಿಲು ತೆರೆದರೆ, ಯಾರೋ ಇಡ್ಲಿ ಪಾತ್ರೆಯ ಮುಚ್ಚಳ ನಮ್ಮ ಮುಖಕ್ಕೇ ತೆಗೆದ ಹಾಗಾಯಿತು. ತಂಪು ಬೇಕಿದ್ದವರು ಅಲ್ಲೇ ಕಾರು ತಿರುಗಿಸಬೇಕಿತ್ತು. ಆದರೆ ಅಡ್ವಾನ್ಸ್ ಕಟ್ಟಿಯಾಗಿತ್ತು.

ಹೋಮ್‌ಸ್ಟೇಯ ಅಮ್ಮ ನಮ್ಮನ್ನು ನೋಡಿ ಗಾಬರಿಯಾದರು. "ಎಂತ ಮಾರಾಯ್ರೆ, ಈ ಸೆಕೆಗೆ ಘಟ್ಟ ಇಳಿದು ಬಂದದ್ದಾ? ನಾವು ನಾಡಿದ್ದು ಮಗಳ ಮನೆಗೆ ಹೊರಟದ್ದು, ಬೆಂಗಳೂರಿಗೆ. ಅಲ್ಲಿ ತಂಪು ಉಂಟಲ್ಲ?" ಮಗಳ ಮನೆ ವೈಟ್‌ಫೀಲ್ಡ್‌ನಲ್ಲಂತೆ. ತಂಪು ಅರಸಿ ವೈಟ್‌ಫೀಲ್ಡ್‌ಗೆ ಹೋಗುವವರೂ ಭೂಮಿಯ ಮೇಲಿದ್ದಾರೆ ಎಂದು ನನಗೆ ಅಂದೇ ತಿಳಿದದ್ದು.

ಸೀ ವ್ಯೂ ರೂಮಿಗೆ ದಿನಕ್ಕೆ 1,500 ರೂಪಾಯಿ ಹೆಚ್ಚು. ಕರ್ನಾಟಕದ ಕರಾವಳಿಯಲ್ಲಿ ಸಮುದ್ರ ಇರುವುದು ಪಶ್ಚಿಮಕ್ಕೆ. ಅಂದರೆ ಸೀ ವ್ಯೂ ಎಂಬುದು ಮಧ್ಯಾಹ್ನ ಎರಡರಿಂದ ಸಂಜೆ ಆರೂವರೆವರೆಗೆ ನೇರ ಹಾಸಿಗೆಗೇ ಬೀಳುವ ಬಿಸಿಲಿನ ಇಂಗ್ಲಿಷ್ ಹೆಸರು. ಪಶ್ಚಿಮಕ್ಕೆ ಬಾಗಿಲಿದೆ ಎಂದು ಮೂರು ಫ್ಲಾಟುಗಳನ್ನು ತಿರಸ್ಕರಿಸಿದ ನನ್ನ ಹೆಂಡತಿ ಇದಕ್ಕೆ ಎಕ್ಸ್‌ಟ್ರಾ ಹಣ ಕೊಟ್ಟಳು. ಆಮೇಲೆ ದಪ್ಪ ಪರದೆ ಎಳೆದು, ಏಸಿಯನ್ನು ಹದಿನೆಂಟಕ್ಕಿಟ್ಟು, ನಾಲ್ವರೂ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ಸಮುದ್ರದ ರೀಲ್ಸ್ ನೋಡಿದೆವು.

ಮೊಬೈಲ್ ಆಪ್ 34 ಎಂದು ತೋರಿಸಿ, ಕೆಳಗೆ ಸಣ್ಣಕ್ಷರದಲ್ಲಿ "ಫೀಲ್ಸ್ ಲೈಕ್ 43" ಎನ್ನುತ್ತಿತ್ತು. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಅಲ್ಲಿನ ಗಾಳಿ ಆಗಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ, ನಮ್ಮ ಬೆವರನ್ನು ಮೂಸಿಯೂ ನೋಡುವುದಿಲ್ಲ. ಬೆಂಗಳೂರಿನ ಬಿಸಿಲು ಹಪ್ಪಳ ಒಣಗಿಸುತ್ತದೆ, ಕರಾವಳಿಯ ಸೆಕೆ ಕಡುಬು ಬೇಯಿಸುತ್ತದೆ. ಎರಡು ಡಿಗ್ರಿ ಕಡಿಮೆ ಎಂಬ ಆಸೆಗೆ ನಾವು ಹಪ್ಪಳದಿಂದ ಕಡುಬಿಗೆ ಬಡ್ತಿ ಪಡೆದಿದ್ದೆವು.

ಮಲ್ಪೆಯ ಮರಳಿನ ಮೇಲೆ ಒಂದು ಒಂಟೆ ನಿಂತಿತ್ತು, ಮಕ್ಕಳನ್ನು ಸವಾರಿ ಮಾಡಿಸಲು. ಮರುಭೂಮಿಯ ಪ್ರಾಣಿಯನ್ನು ಕರೆತಂದು ನಿಲ್ಲಿಸಿದ್ದಾರೆ ಎಂದರೆ ಅಲ್ಲಿನವರು ಏನನ್ನೋ ಸೂಚಿಸುತ್ತಿದ್ದಾರೆ ಎಂದು ಅರ್ಥವಾಗಬೇಕಿತ್ತು. ಚಪ್ಪಲಿ ಕಳಚಿ "ಆಹಾ, ಬರಿಗಾಲು" ಎಂದು ಎರಡು ಹೆಜ್ಜೆ ಇಟ್ಟ ನಾನು ಉಳಿದದ್ದನ್ನು ಯಕ್ಷಗಾನದ ಧೀಂಗಿಣದಲ್ಲೇ ಮುಗಿಸಿದೆ. ಒಂಟೆ ನೋಡಿತು. ಅದರ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಮೂರು ಬಾರಿ ಸ್ನಾನ ಮಾಡಿದ ಮೇಲೆ ಅಮ್ಮ ಮೆಲ್ಲಗೆ, "ನೀರು ಸ್ವಲ್ಪ ಹಿಡಿತದಲ್ಲಿ ಖರ್ಚು ಮಾಡಿ ಆಯ್ತಾ, ಬಾವಿ ತಳ ಕಾಣ್ತದೆ" ಎಂದರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ! ಆದರೆ ಅಷ್ಟೂ ಮಳೆ ನಾಲ್ಕೇ ತಿಂಗಳಲ್ಲಿ ಸುರಿದು ಕಡಲು ಸೇರುತ್ತದೆ. ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಮೇ ತಿಂಗಳಲ್ಲಿ ಬತ್ತಿಹೋಗಿತ್ತು. ಟ್ಯಾಂಕರ್ ನೀರಿನಿಂದ ತಪ್ಪಿಸಿಕೊಂಡು ಬಂದವರ ರೂಮಿನ ಕೆಳಗೆ ಮರುದಿನ ಬೆಳಿಗ್ಗೆ ಟ್ಯಾಂಕರ್ ಹಾರ್ನ್ ಹೊಡೆಯಿತು. ಊರಿನ ನೆನಪಾಗಿ ಮಗ ಸ್ವಲ್ಪ ಭಾವುಕನಾದ.

ಹಾಗೆಂದು ಸುಖವೇ ಇರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಪುನರ್ಪುಳಿ ಶರಬತ್ತು, ನೀರುದೋಸೆ, ಬಾಂಗುಡೆ ಫ್ರೈ, ರಾತ್ರಿ ಒಂದು ಗಡ್‌ಬಡ್. ಸೂರ್ಯ ಮುಳುಗುವ ಹತ್ತು ನಿಮಿಷ ಎಲ್ಲ ಚೆಂದವೇ, ಫೋಟೋಗಳೂ ಚೆಂದವೇ. ಬೆವರು ಫೋಟೋದಲ್ಲಿ ಹೊಳಪಾಗಿ ಕಾಣುತ್ತದೆ, "ಎಂಥಾ ಗ್ಲೋ!" ಎಂದು ನಾದಿನಿ ಕಮೆಂಟ್ ಹಾಕಿದಳು. ಇಪ್ಪತ್ತಾರು ಸಾವಿರ ಖರ್ಚಾದ ಮೇಲೆ "ಅದು ಗ್ಲೋ ಅಲ್ಲಮ್ಮಾ" ಎಂದು ಬರೆಯುವ ಧೈರ್ಯ ಯಾರಿಗಿದೆ?

ಸೋಮವಾರ ಬೆಳಿಗ್ಗೆ ಲಿಫ್ಟಿನಲ್ಲಿ ರಾಯರಿದ್ದರು, ಜೊತೆಗೆ ಐದನೇ ಮಹಡಿಗೆ ಹೊಸದಾಗಿ ಬಂದ ಹುಡುಗ. "ಹೇಗಿತ್ತು ಟ್ರಿಪ್ಪು?" ಎಂದರು ರಾಯರು, ಬಾಗಿಲ ಕಡೆ ನೋಡುತ್ತಾ.

"ಸೂಪರ್," ಎಂದೆ. "ಸಮುದ್ರದ ಗಾಳಿ ಅಂದ್ರೆ ಏನು ಕೇಳ್ತೀರಿ!" ಕೈ ತಾನಾಗಿಯೇ ಕುತ್ತಿಗೆಯ ಹಿಂದಿನ ಬೆವರುಸಾಲೆಗೆ ಹೋಯಿತು. ರಾಯರ ಕೈ ಆಗಲೇ ಅಲ್ಲಿತ್ತು.

ಹುಡುಗ ಮೊಬೈಲ್ ತೆಗೆದ. "ಸಾರ್, ರೂಮು ಸೀ ವ್ಯೂನೇ ತಗೊಳ್ಳೋದಾ?"

"ಅದನ್ನೇ ತಗೊಳ್ಳಿ," ಎಂದೆವು ನಾನೂ ರಾಯರೂ, ಒಟ್ಟಿಗೆ.