ಫ್ರಂಟೇಜ್ ಜಾಸ್ತಿ

ಸೈಟು ಮಾರುವವರು ಮಾನಿಟರ್ ಮಾರುವವರಿಂದ ಕಲಿಯುವುದು ಇನ್ನೂ ಬಾಕಿಯಿದೆ. ಬೆಂಗಳೂರಿನಲ್ಲಿ 30×40 ಸೈಟನ್ನು 30×40 ಅಂತಲೇ ಮಾರುತ್ತಾರೆ, ಪಾಪ. ಅದೇ ಸೈಟು ಮಾನಿಟರ್ ಕಂಪನಿಯವರ ಕೈಗೆ ಸಿಕ್ಕಿದ್ದರೆ ಟೇಪನ್ನು ಆಗ್ನೇಯ ಮೂಲೆಯಿಂದ ವಾಯವ್ಯ ಮೂಲೆಗೆ ಎಳೆದು 'ಐವತ್ತು ಅಡಿ ಸೈಟು' ಎಂದು ಬೋರ್ಡು ನೆಟ್ಟುಬಿಡುತ್ತಿದ್ದರು. ಲೆಕ್ಕದಲ್ಲಿ ಸುಳ್ಳಿಲ್ಲ, ಬೇಕಿದ್ದರೆ ಪೈಥಾಗೊರಸ್ಸೇ ಬಂದು ಸಾಕ್ಷಿ ಹೇಳುತ್ತಾನೆ. ಆದರೆ ಆ ಐವತ್ತು ಅಡಿಯ ಉದ್ದಕ್ಕೆ ಮನೆ ಕಟ್ಟಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಹಳೆಯ ಡಬ್ಬಾ ಮಾನಿಟರುಗಳು 4:3 ಅನುಪಾತದವು. ಅಂದರೆ ಪಕ್ಕಾ 30×40. ಆಮೇಲೆ 16:9 ಬಂದು ಮನೆಮನೆಯಲ್ಲೂ ಕೂತಿತು. 2012ರ ಹೊತ್ತಿಗೆ 21:9 ಎಂಬ ಅಲ್ಟ್ರಾವೈಡ್ ಮಾನಿಟರ್ ಬಂತು. ಇದು ಮೇನ್ ರೋಡಿಗೆ ಉದ್ದಕ್ಕೂ ಮುಖಮಾಡಿ ನಿಂತು, ಹಿಂದಕ್ಕೆ ಹೋದರೆ ಎರಡೇ ಹೆಜ್ಜೆಗೆ ಪಕ್ಕದವರ ಗೋಡೆ ಸಿಗುವ ಸೈಟು. ಫ್ರಂಟೇಜ್ ಜಾಸ್ತಿ, ಆಳ ಕಡಿಮೆ. 34 ಇಂಚಿನ ಅಲ್ಟ್ರಾವೈಡ್ ಎಂದು ಹಿಗ್ಗಿ ಮನೆಗೆ ತಂದರೆ ಅದರ ಎತ್ತರ ಮೂವತ್ಮೂರು ಸೆಂಟಿಮೀಟರ್ ಚಿಲ್ಲರೆ, ಮಾಮೂಲಿ 27 ಇಂಚಿನ ಮಾನಿಟರ್‌ನಷ್ಟೇ. ಅಗಲ ಮಾತ್ರ ಎಂಟು ಇಂಚು ಹೆಚ್ಚು. 29 ಇಂಚಿನದು ಕೊಂಡವರ ಗತಿ ಇನ್ನೂ ಕಷ್ಟ. ಅದರ ಎತ್ತರ 23 ಇಂಚಿನ ಆಫೀಸು ಮಾನಿಟರ್‌ನದು. ಡಬ್ಬ ಬಿಚ್ಚಿದಾಗ ಮೇಲ್ಭಾಗ ಒಳಗೇ ಉಳಿಯಿತೇನೋ ಎಂದು ಥರ್ಮಾಕೋಲ್ ತಡಕಿ ನೋಡಬೇಕು ಅನ್ನಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಅದು ಬೇಕಾಯಿತು. ಕಾರಣ ಲಾರಿ.

ಯೂರೋ ಟ್ರಕ್ ಸಿಮ್ಯುಲೇಟರ್ 2 ಅಂತ ಒಂದು ಗೇಮ್. ಚೆಕ್ ದೇಶದವರು 2012ರಲ್ಲಿ ಬಿಟ್ಟದ್ದು, ಇವತ್ತಿಗೂ ಓಡುತ್ತಿದೆ. ಗುಂಡು ಹಾರಿಸುವುದಿಲ್ಲ, ಯಾರೂ ಸಾಯುವುದಿಲ್ಲ. ರಾಟರ್‌ಡ್ಯಾಮ್‌ನಲ್ಲಿ ಸರಕು ತುಂಬಿಕೊಂಡು ಪ್ರಾಗ್‌ಗೆ ಮುಟ್ಟಿಸಬೇಕು, ಅಷ್ಟೆ. ಸಂಜೆ ಔಟರ್ ರಿಂಗ್ ರೋಡಿನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಊದಿಸಿಕೊಂಡು ಬಂದವನು ಕೈಕಾಲು ತೊಳೆದು ಮತ್ತೆ ಸ್ಟೀರಿಂಗ್ ಹಿಡಿದು ಕೂರುವುದನ್ನು ನನ್ನ ಹೆಂಡತಿ ರೋಗವೆಂದೇ ಲೆಕ್ಕ ಹಾಕಿದ್ದಾಳೆ. ಆದರೆ ಆ ಗೇಮಿನ ಭೂಪಟ 1:19 ಅಳತೆಯದು. ಅಲ್ಲಿ ಒಂದು ಕಿಲೋಮೀಟರ್ ಓಡಿಸಿದರೆ ನಿಜದ ಹತ್ತೊಂಬತ್ತು ಕಿಲೋಮೀಟರ್ ಕಳೆದಿರುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ ಎಂದು ಅವಳಿಗೆ ತಿಳಿಸಿ ಹೇಳಲು ನನ್ನಿಂದಾಗಿಲ್ಲ.

ಅಲ್ಲಿ ಡ್ರೈವರ್ ಸೀಟು ಎಡಕ್ಕೆ. ಎಡಗನ್ನಡಿ ಮೂಗಿನ ಪಕ್ಕದಲ್ಲೇ ಇರುತ್ತದೆ. ಬಲಗನ್ನಡಿ ಮಾತ್ರ ಕ್ಯಾಬಿನ್ನಿನ ಆ ಕೊನೆಯಲ್ಲಿ, 16:9 ಪರದೆಯ ಆಚೆ ಎಲ್ಲೋ. ಅದನ್ನು ಕಾಣಬೇಕೆಂದರೆ ಮೌಸಿನಿಂದ ಕತ್ತು ತಿರುಗಿಸಬೇಕು. ಕತ್ತು ತಿರುಗಿಸಿದರೆ ರಸ್ತೆ ಕಾಣದು. ಎಫ್2 ಒತ್ತಿದರೆ ಎರಡೂ ಕನ್ನಡಿಗಳು ಪರದೆಯ ಮೇಲೆ ತೇಲಿ ಬರುತ್ತವೆ, ನಿಜ. ಆದರೆ ಗಾಳಿಯಲ್ಲಿ ತೇಲುವ ಕನ್ನಡಿ ನೋಡಿಕೊಂಡು ಲಾರಿ ಬಿಡುವುದು ಮಾನಸ್ಥ ಡ್ರೈವರ್ ಮಾಡುವ ಕೆಲಸವಲ್ಲ. ಹಿಂದಕ್ಕೆ ತೆಗೆದು ಟ್ರೇಲರನ್ನು ಗೋದಾಮಿನ ಬಾಗಿಲಿಗೆ ಒಪ್ಪಿಸುವಾಗಲಂತೂ ಎರಡು ಕನ್ನಡಿಯೂ ಏಕಕಾಲಕ್ಕೆ ಬೇಕು. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಬೇಕು. ಮನುಷ್ಯನ ಮೆದುಳು ಇದಕ್ಕೆ ಮಾಡಿದ್ದಲ್ಲ. ಹೀಗಾಗಿ ಒಂದು ಬಲಗನ್ನಡಿಯ ಸಲುವಾಗಿ ನಾನು ಇಡೀ ಮಾನಿಟರನ್ನೇ ಬದಲಾಯಿಸಲು ಹೊರಟೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಿರಿಯರು ಕಣ್ಣಿನ ಬಗ್ಗೆ ಏನೂ ಅಂದಿಲ್ಲವಲ್ಲ.

ಇಲ್ಲೊಂದು ತಮಾಷೆ ಇದೆ. ನಮ್ಮ ಕಣ್ಣು ಚೊಕ್ಕವಾಗಿ ಕಾಣುವುದು ನಡುವಿನ ಎರಡು ಡಿಗ್ರಿಯಷ್ಟು ಜಾಗವನ್ನು ಮಾತ್ರ. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಆ ಉಗುರಿನಷ್ಟು. ಉಳಿದದ್ದೆಲ್ಲ ಮಸುಕು, ಏನೋ ಅಲ್ಲಾಡಿತು ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಹಾಗಾದರೆ ಅಲ್ಟ್ರಾವೈಡ್ ಕೊಳ್ಳುವವನು ಹೆಚ್ಚಿನ ದುಡ್ಡು ಕೊಡುವುದು ಯಾವುದಕ್ಕೆ? ತಾನು ನೋಡದ ಜಾಗಕ್ಕೆ! ನೋಡಿಬಿಟ್ಟರೆ ಅದು ಪಕ್ಕವಾಗಿ ಉಳಿಯುವುದಿಲ್ಲ. ಇದು ದಡ್ಡ ವ್ಯಾಪಾರ ಅನ್ನಿಸಬಹುದು. ಆದರೆ ನನ್ನಮ್ಮ ಹಾಲ್‌ನಲ್ಲಿ ಧಾರಾವಾಹಿ ನೋಡುತ್ತಲೇ, ಅಡುಗೆಮನೆಯ ಬಾಗಿಲಿನ ಸಂದಿಯಲ್ಲಿ ಕಾಣುವ ಪಾತ್ರೆಯ ಹಾಲು ಉಕ್ಕುವ ಒಂದು ಕ್ಷಣ ಮೊದಲು ಎದ್ದು ಹೋಗುತ್ತಾಳೆ. ಕತ್ತು ತಿರುಗಿಸಿದ್ದನ್ನು ನಾನು ಕಂಡಿಲ್ಲ. ಸಂಸಾರ ಸಾಗುವುದೇ ಕಡೆಗಣ್ಣಿನಿಂದ. ಲಾರಿಯೂ ಹಾಗೇ.

ಎಲ್ಲ ಗೇಮುಗಳೂ ಈ ಮಾತನ್ನು ಒಪ್ಪುವುದಿಲ್ಲ. 2022ರ ಎಲ್ಡನ್ ರಿಂಗ್ ನಿಮ್ಮ ಫ್ರಂಟೇಜ್ ಎಷ್ಟೇ ಇರಲಿ, ಎರಡು ಪಕ್ಕಕ್ಕೂ ಕಪ್ಪು ಕಾಂಪೌಂಡು ಎಬ್ಬಿಸಿ ನಡುವಿನ 16:9ರಲ್ಲೇ ಸಂಸಾರ ಮಾಡು ಎನ್ನುತ್ತದೆ. ವ್ಯಾಲರಂಟ್ ಕೂಡ ಅಗಲವಿದ್ದವನಿಗೆ ಹೆಚ್ಚು ತೋರಿಸುವುದಿಲ್ಲ. ದುಡ್ಡಿದ್ದವನು ಮೂಲೆಯಲ್ಲಿ ಅಡಗಿದವನನ್ನು ಮೊದಲೇ ಕಂಡರೆ ಪಂದ್ಯಕ್ಕೆ ಅರ್ಥವಿಲ್ಲ ಎಂಬ ನ್ಯಾಯ. ಪ್ಲೇಸ್ಟೇಷನ್ 5ಕ್ಕೆ 21:9 ಎಂಬ ಆಕಾರವೇ ಗೊತ್ತಿಲ್ಲ. ನನ್ನ ಮಟ್ಟಿಗೆ ಇವೆಲ್ಲ ಸಣ್ಣ ತಕರಾರು. ಲಾರಿಗೆ ಅಗಲ ಉಂಟು, ಏಜ್ ಆಫ್ ಎಂಪೈರ್ಸ್‌ಗೆ ಉಂಟು, ವಿಮಾನ ಹಾರಿಸುವ ಗೇಮಿಗೂ ಉಂಟು. ಮಿಂಚಿನ ವೇಗದಲ್ಲಿ ಗುಂಡು ಹೊಡೆಯುವ ವಯಸ್ಸು ನನ್ನದಲ್ಲ.

ಎಸ್‌ಪಿ ರೋಡಿಗೆ ಹೋದೆ. ಕೀಬೋರ್ಡು ಕೊಳ್ಳಲು ಹೋದವನು ಸಿಸಿ ಕ್ಯಾಮೆರಾ ಹೊತ್ತು ಬರುವ ರಸ್ತೆ ಅದು. ಮೆಟ್ಟಿಲು ಹತ್ತಿದರೆ ಒಂದು ಗೋಡೆಯುದ್ದಕ್ಕೂ ಮಾನಿಟರುಗಳು, ಎಲ್ಲದರಲ್ಲೂ ಒಂದೇ ವಿಡಿಯೋ: ಕಪ್ಪು ಹಿನ್ನೆಲೆಯಲ್ಲಿ ಬಣ್ಣದ ಪುಡಿ ಸಿಡಿಯುತ್ತಿದೆ, ಜೇನು ಸುರಿಯುತ್ತಿದೆ, ಗಿಳಿಯೊಂದು ರೆಕ್ಕೆ ಬಿಚ್ಚುತ್ತಿದೆ. ಜೇನು ಸುರಿಯುವ ಗೇಮನ್ನು ನಾನು ಆಡುವುದಿಲ್ಲವಾದ್ದರಿಂದ, 'ಲಾರಿ ತೋರಿಸ್ತೀರಾ?' ಅಂದೆ. ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಟ್ರಾನ್ಸ್‌ಪೋರ್ಟ್ ಆಫೀಸಿಗಾ ಸಾರ್? ಹಾಗಾದ್ರೆ 22 ಇಂಚು ಸಾಕು' ಅಂದ.

ಗೇಮಿಂಗ್ ಎಂದ ಮೇಲೆ ಅವನ ಬಾಯಿ ತೆರೆಯಿತು. ವಿಎ ಪ್ಯಾನೆಲ್ ತಗೊಳ್ಳಿ ಸಾರ್, ಕಪ್ಪು ಒಳ್ಳೇ ಕಪ್ಪು. ಆದರೆ ಕತ್ತಲಲ್ಲಿ ಏನಾದರೂ ಸರಿದರೆ ಹಿಂದೆ ಮಸಿ ಬಳಿದ ಹಾಗೆ ಎಳೆಯುತ್ತೆ. ಐಪಿಎಸ್ ತಗೊಂಡರೆ ಬಣ್ಣ ಚಂದ, ಯಾವ ಪಕ್ಕದಿಂದ ನೋಡಿದರೂ ಸರಿ, ಕಪ್ಪು ಮಾತ್ರ ಬೂದಿ. ಓಎಲ್ಇಡಿ ಅಂದರೆ ಸ್ವರ್ಗ ಸಾರ್, ಒಂದೊಂದು ಚುಕ್ಕಿಯೂ ತಾನೇ ಬೆಳಗಿ ತಾನೇ ಆರುತ್ತೆ, ಬೆಲೆ ಎರಡು ಪಟ್ಟಿಗೂ ಮೇಲೆ. ಇಷ್ಟು ಹೇಳಿ ದನಿ ತಗ್ಗಿಸಿ, 'ಆದರೆ ಒಂದೇ ಚಿತ್ರ ತುಂಬಾ ಹೊತ್ತು ನಿಂತರೆ ಅಚ್ಚು ಬೀಳುತ್ತೆ' ಅಂದ. ನನ್ನ ಲಾರಿಯಲ್ಲಿ ದಾರಿ ತೋರಿಸುವ ಚೌಕ ಗಂಟೆಗಟ್ಟಲೆ ಒಂದೇ ಮೂಲೆಯಲ್ಲಿ ಕೂತಿರುತ್ತದೆ. ಮುಂದೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆರೆದರೂ ಮೂಲೆಯಲ್ಲಿ ಪ್ರಾಗ್‌ಗೆ ದಾರಿ ಕಾಣುತ್ತಿರುವುದು ನನಗೆ ಬೇಡವಾಗಿತ್ತು.

ಕ್ಯೂಡಿ-ಓಎಲ್ಇಡಿ ಎಂಬ ಹೊಸ ಬಗೆಯೂ ಇತ್ತು. 2022ರಲ್ಲಿ ಏಲಿಯನ್‌ವೇರ್ ಅದನ್ನು 34 ಇಂಚಿನ ಅಲ್ಟ್ರಾವೈಡ್‌ನಲ್ಲೇ ಮೊದಲು ತಂದದ್ದು. ಅದರ ಕೆಂಪು, ಹಸಿರು, ನೀಲಿ ಕಣಗಳು ಸಾಲಾಗಿ ನಿಲ್ಲದೆ ತ್ರಿಕೋನವಾಗಿ ನಿಂತಿರುತ್ತವೆ. ಗೇಮಿನಲ್ಲಿ ತಿಳಿಯುವುದಿಲ್ಲ, ಅಕ್ಷರದಲ್ಲಿ ತಿಳಿಯುತ್ತದೆ. ಅಂಗಡಿಯಲ್ಲೇ ಒಂದು ಕನ್ನಡ ಪುಟ ತೆರೆಸಿ ಮೂಗು ತಾಗುವಷ್ಟು ಹತ್ತಿರ ಹೋದೆ. 'ರಾಷ್ಟ್ರೀಯ' ಎಂಬಲ್ಲಿ ಒತ್ತಿನ ಕೆಳಗೊಂದು ಒತ್ತು ಇಣುಕುತ್ತದಲ್ಲ, ಅಲ್ಲಿ ಗೆರೆಗೆರೆಗೂ ಹಸಿರು, ಗುಲಾಬಿ ಅಂಚು. ಇಂಗ್ಲಿಷಿಗೆ ಒಂದು ಸಾಲಿಗೆ ಎರಡು ಅಂಚು ಬಿದ್ದರೆ ನಮಗೆ ಒತ್ತಕ್ಷರವೂ ಸೇರಿ ನಾಲ್ಕು. ಹಗಲಿಡೀ ಕನ್ನಡ ಟೈಪು ಮಾಡಿ ಹೊಟ್ಟೆ ಹೊರೆಯುವವನಿಗೆ ಇದು ಆಗದು ಎಂದು ಕೈ ಮುಗಿದೆ.

ಇನ್ನು ಹರ್ಟ್ಜ್. ಹುಡುಗ 240 ಹರ್ಟ್ಜ್‌ನದು ತೋರಿಸಿದ. ಸೆಕೆಂಡಿಗೆ 240 ಸಲ ಚಿತ್ರ ಬದಲಾಗುತ್ತದಂತೆ. ನನ್ನ ಲಾರಿಗೆ ಗಂಟೆಗೆ 90 ಕಿಲೋಮೀಟರ್ ಮೀರದಂತೆ ಕಡಿವಾಣ ಬಿಗಿದಿದೆ. ತೊಂಬತ್ತರಲ್ಲಿ ಹೋಗುವ ಲಾರಿಯನ್ನು ಅಷ್ಟು ಆತುರಾತುರವಾಗಿ ತೋರಿಸುವ ಅಗತ್ಯ ನನಗೆ ಕಾಣಲಿಲ್ಲ. ಪಿಕ್ಸೆಲ್ ಲೆಕ್ಕವನ್ನಾದರೂ ನೋಡಬೇಕಿತ್ತು: 3440×1440 ಅಂದರೆ ಸುಮಾರು ಐವತ್ತು ಲಕ್ಷ ಚುಕ್ಕಿ, ನನ್ನ ಹಳೆಯ ಫುಲ್ ಎಚ್‌ಡಿಯ ಎರಡೂಕಾಲು ಪಟ್ಟಿಗೂ ಜಾಸ್ತಿ. ಗ್ರಾಫಿಕ್ಸ್ ಕಾರ್ಡು ಅಷ್ಟನ್ನೂ ಎಳೆಯಬೇಕು. ಆ ಮಾತು ಎತ್ತಿದ್ದೇ ತಡ, ಹುಡುಗ ಪಕ್ಕದ ಕೌಂಟರಿನವನಿಗೆ ಕಣ್ಣು ಹೊಡೆದ. ನಾನು ಮೆಟ್ಟಿಲಿಳಿದೆ.

ಹೀಗೆ ಇಳಿದದ್ದರಿಂದ ಒಂದು ಲಾಭವಾಯಿತು. 2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರಿಗೆ ಶೇಕಡಾ 18 ಜಿಎಸ್‌ಟಿ, ದಾಟಿದರೆ 28 ಎಂಬ ನಿಯಮವಿತ್ತು. ಸರ್ಕಾರವೂ ಟೇಪು ಹಿಡಿದದ್ದು ಮೂಲೆಯಿಂದ ಮೂಲೆಗೆ! ಮಾಮೂಲಿ 32 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 437 ಚದರ ಇಂಚು. 34 ಇಂಚಿನ ಅಲ್ಟ್ರಾವೈಡ್‌ನದು 412. ಚಿಕ್ಕ ಸೈಟಿಗೆ ದೊಡ್ಡ ಕಂದಾಯ. ಸೈಟಿನ ವಿಷಯದಲ್ಲಿ ಹೀಗಾಗಿದ್ದರೆ ಜನ ಟೌನ್‌ಹಾಲ್ ಮುಂದೆ ಧರಣಿ ಕೂರುತ್ತಿದ್ದರು. ನಾನು ಒಬ್ಬನೇ, ಕೊಳ್ಳದೆ ಕೂತೆ. ಯಾವುದೂ ತೀರ್ಮಾನವಾಗದೆ ಕೂತಿದ್ದಾಗಲೇ 2025ರ ಸೆಪ್ಟೆಂಬರ್ 22ರಿಂದ ಎಲ್ಲಕ್ಕೂ 18 ಆಯಿತು. ಹೆಂಡತಿ ಇದನ್ನು ಸೋಮಾರಿತನ ಅಂದಳು. ನಾನು ಟ್ಯಾಕ್ಸ್ ಪ್ಲಾನಿಂಗ್ ಅಂದೆ.

49 ಇಂಚಿನ 32:9 ಮಾನಿಟರಿನ ಆಸೆಯೂ ನಡುವೆ ಒಮ್ಮೆ ಬಂದು ಹೋಯಿತು. ಎರಡು 27 ಇಂಚಿನವನ್ನು ಅಕ್ಕಪಕ್ಕ ಬೆಸೆದಂಥದ್ದು, ನಾಲ್ಕಡಿಗೆ ತುಸು ಕಡಿಮೆ. ನನ್ನ ಮೇಜೂ ನಾಲ್ಕಡಿ. ಕಾಫಿ ಲೋಟಕ್ಕೆ ಜಾಗ ಉಳಿಯುತ್ತಿರಲಿಲ್ಲ. ವಿಷಯ ಅಲ್ಲಿಗೆ ಮುಗಿಯಿತು.

ಕೊನೆಗೆ ಬಂದದ್ದು 34 ಇಂಚಿನ ವಿಎ, 144 ಹರ್ಟ್ಜ್, 1800ಆರ್ ಬಾಗು. ಡಬ್ಬ ಬಿಚ್ಚಿದ ಕೂಡಲೇ ಅಮ್ಮ ಅಂದದ್ದು, 'ಬಾಗಿದೆಯಲ್ಲೋ, ಡ್ಯಾಮೇಜ್ ಪೀಸು. ಡಿಸ್ಕೌಂಟ್ ಕೇಳು.' ಬೇಕೆಂದೇ ಬಗ್ಗಿಸಿದ್ದಾರೆ ಎಂದರೆ ನಂಬಲಿಲ್ಲ. 1800ಆರ್ ಅಂದರೆ ಆ ಬಾಗನ್ನು ಹಾಗೇ ಮುಂದುವರಿಸಿದರೆ 1800 ಮಿಲಿಮೀಟರ್ ತ್ರಿಜ್ಯದ ವೃತ್ತವಾಗುತ್ತದೆ, ಸುತ್ತ ಹದಿನಾಲ್ಕು ಮಾನಿಟರ್ ಹಿಡಿಸುತ್ತವೆ, ನಡುವೆ ಕೂತವನಿಗೆ ಎಲ್ಲವೂ ಸಮದೂರ ಎಂದು ವಿವರಿಸಿದೆ. ಅಮ್ಮ ನಮ್ಮ ಹಾಲನ್ನೊಮ್ಮೆ ನೋಡಿ, 'ಇಲ್ಲಿ ಹಿಡಿಸಲ್ಲ' ಅಂದಳು. ಸರಿಯಾಗಿಯೇ ಅಂದಳು: ವೃತ್ತದ ಅಡ್ಡಳತೆ ಹೆಚ್ಚೂಕಡಿಮೆ ಹನ್ನೆರಡಡಿ, ಹಾಲ್ ಹತ್ತಡಿ.

ಅಪ್ಪ ಸಿನಿಮಾ ಹಾಕು ಅಂದರು. ಅಲ್ಟ್ರಾವೈಡ್ ಇರುವುದೇ ಸಿನಿಮಾಸ್ಕೋಪಿನ ಆಕಾರದಲ್ಲಿ ಎಂದು ನಾನು ಹೆಮ್ಮೆಯಿಂದ ಕೂರಿಸಿದೆ. ಅವರು ಕೇಳಿದ್ದು 'ಬಂಗಾರದ ಮನುಷ್ಯ'. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರ 'ಸೊಸೆ ತಂದ ಸೌಭಾಗ್ಯ'ದಲ್ಲಿ. ಬಂಗಾರದ ಮನುಷ್ಯ 1972ರದು. ರಾಜೀವಪ್ಪ ನಡುವಿನ ಚೌಕದಲ್ಲಿ ಉಳುಮೆ ಮಾಡುತ್ತಿದ್ದರೆ ಎರಡೂ ಪಕ್ಕ ಕಾರ್ಗತ್ತಲು. 'ಅರ್ಧ ಪರದೆ ಹತ್ತಿಲ್ಲ ನೋಡು' ಅಂದರು ಅಪ್ಪ. ಅಮ್ಮ ಒಳಗಿನಿಂದಲೇ, 'ನಾನು ಆಗಲೇ ಹೇಳಿದೆ' ಅಂದಳು.

ಲಾರಿ ಮಾತ್ರ ಅದ್ಭುತ. ಸೀಟು ಸ್ವಲ್ಪ ಹೊಂದಿಸಿಕೊಂಡರೆ ಬಲಗನ್ನಡಿ ತನ್ನಷ್ಟಕ್ಕೆ ಬಲತುದಿಯಲ್ಲಿ ಬಂದು ನಿಂತಿತು. ನಾನು ಅದನ್ನು ನೋಡುವುದೇ ಇಲ್ಲ, ಆದರೆ ಹಿಂದೆ ಯಾವನಾದರೂ ಓವರ್‌ಟೇಕ್ ಮಾಡಲು ಬಂದರೆ ಬೆನ್ನಿಗೆ ಗೊತ್ತಾಗುತ್ತದೆ.

ತೊಂದರೆ ಶುರುವಾದದ್ದು ಹೆಂಡತಿ ಅಪಾರ್ಟ್‌ಮೆಂಟ್ ಸಂಘದ ಖಜಾಂಚಿಯಾದ ಮೇಲೆ. ಮೇಂಟೆನೆನ್ಸ್ ಲೆಕ್ಕದ ಎಕ್ಸೆಲ್ ಶೀಟಿನಲ್ಲಿ ಹನ್ನೆರಡು ತಿಂಗಳಿಗೆ ತಿಂಗಳಿಗೆರಡು ಕಾಲಂ, ಆಮೇಲೆ ನೀರಿನ ಟ್ಯಾಂಕರು, ಜನರೇಟರ್ ಡೀಸೆಲ್, ಕಟ್ಟಕಡೆಗೆ 'ಬಾಕಿ'. ಹಿಂದಿನ ಖಜಾಂಚಿಗಳ ಲ್ಯಾಪ್‌ಟಾಪಿನಲ್ಲಿ ಆ ಬಾಕಿ ಕಾಲಂ ಪರದೆಯ ಆಚೆ, ನನ್ನ ಬಲಗನ್ನಡಿ ಇದ್ದ ಜಾಗದಲ್ಲೇ ಇತ್ತು. ಅಷ್ಟು ದೂರ ಸ್ಕ್ರೋಲ್ ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲವಾದ್ದರಿಂದ ಕಟ್ಟಡದಲ್ಲಿ ಸೌಹಾರ್ದ ನೆಲೆಸಿತ್ತು. ಈಗ ಜನವರಿಯಿಂದ ಬಾಕಿಯವರೆಗೆ ಒಂದೇ ನೋಟಕ್ಕೆ ದಕ್ಕುತ್ತದೆ. ಮೊದಲ ಸಂಜೆಯೇ ಅವಳು ಕಾರ್ಯದರ್ಶಿಗಳ ಬಾಕಿಯನ್ನು ಹಿಡಿದಳು. ಆಮೇಲೆ ಅಧ್ಯಕ್ಷರದು. ಈಗ ಸಂಜೆ ಏಳಕ್ಕೆ ಒಬ್ಬೊಬ್ಬರನ್ನೇ ಕರೆದು ಈ ಪರದೆಯ ಮುಂದೆ ಕೂರಿಸುತ್ತಾಳೆ. ಬಾಗು ಇರುವುದರಿಂದ ತಪ್ಪಿಸಿಕೊಳ್ಳಲು ದಾರಿ ಇಲ್ಲ, ಯಾವ ಕಡೆ ತಿರುಗಿದರೂ ಲೆಕ್ಕ ಕಾಣುತ್ತದೆ.

ನಾನು ಸ್ಟೀರಿಂಗ್ ಮಡಿಲಲ್ಲಿಟ್ಟುಕೊಂಡು ಪಕ್ಕದ ಮೋಡಾದ ಮೇಲೆ ಕಾಯುತ್ತಿರುತ್ತೇನೆ. ಮೊನ್ನೆ ಧೈರ್ಯ ಮಾಡಿ, ರಾಟರ್‌ಡ್ಯಾಮ್ ಸರಕು ತಡವಾಗುತ್ತಿದೆ ಎಂದೆ.

'ಊರೊಳಗೆ ಲಾರಿ ಬಿಡೋದು ರಾತ್ರಿ ಹತ್ತರ ಮೇಲೆ' ಅಂದಳು.