ಎಂ.ಬಿ.ಎ. ಸುಬೇದಾರರು

28 ವರ್ಷ ಫೌಜಿನಲ್ಲಿದ್ದು ಪೆನ್ಷನ್ ಬಂದವರಿಗೆ ನಮ್ಮ ಜನ ಕೊಡುವ ಕೆಲಸ ಒಂದೇ: ಸೆಕ್ಯುರಿಟಿ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲಬೇಕು, ಇಲ್ಲವೇ ಅಪಾರ್ಟ್‌ಮೆಂಟಿನ ಗೇಟಲ್ಲಿ ಕೊರಿಯರ್ ಹುಡುಗರ ಹೆಸರು ಬರೆದುಕೊಳ್ಳಬೇಕು. ಸೋಮವಾರಪೇಟೆ ಕಡೆಯ ನಮ್ಮ ಸುಬೇದಾರ್ ಸಾಹೇಬರು ಮೈಸೂರಲ್ಲಿ ಮನೆ ಮಾಡಿ ಹಾಲು ಉಕ್ಕಿಸುವಷ್ಟರಲ್ಲೇ ಏಜೆನ್ಸಿಯವರು ಯೂನಿಫಾರಂ ಅಳತೆಗೆ ಬಂದರು. ಸಾಹೇಬರು ಮೀಸೆ ತಿರುವಿದರು. ಸೇವೆಯಲ್ಲಿದ್ದಾಗಲೇ ಇಗ್ನೋದಿಂದ ಪಡೆದಿದ್ದ ಬಿ.ಎ. ಸರ್ಟಿಫಿಕೇಟನ್ನು ಟ್ರಂಕಿನಿಂದ ತೆಗೆದು ಎಂ.ಬಿ.ಎ. ಸೇರಿಕೊಂಡರು.

ಮೊದಲ ದಿನ ಅವರು ಕ್ಲಾಸಿನೊಳಗೆ ಕಾಲಿಟ್ಟಾಗ ಮೇಷ್ಟ್ರು ಬಂದರೆಂದು ಹುಡುಗರು ಎದ್ದು ನಿಂತರು. ಹಿಂದೆ ಬಂದ ಅಸಲಿ ಮೇಷ್ಟ್ರೂ ಬಾಗಿಲಲ್ಲೇ ನಿಂತು ಅನುಮತಿ ಕೇಳಿದರಂತೆ. ಇದು ಹುಡುಗರು ಹಚ್ಚಿದ ಒಗ್ಗರಣೆ ಇರಬೇಕು.

ಕಷ್ಟ ಶುರುವಾದದ್ದು ಸಪ್ಲೈ ಚೈನ್ ಪಾಠದಲ್ಲಿ. ಸಾಹೇಬರು ಇದ್ದದ್ದು ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಗುಂಡು ಹಾರಿಸುವವರಿಗೆ ಅಕ್ಕಿ, ಬೇಳೆ, ಡೀಸೆಲ್ಲು ಮುಟ್ಟಿಸುವ ದಳ. ಸುಮಾರು 11,500 ಅಡಿ ಎತ್ತರದ ಜೊಜಿಲಾ ಕಣಿವೆದಾರಿ ಹಿಮದಲ್ಲಿ ಮುಚ್ಚಿಹೋಗುವ ಮುಂಚೆ ಲಡಾಖಿನ ಪಡೆಗಳಿಗೆ ಚಳಿಗಾಲದ ದಿನಸಿಯೆಲ್ಲ ಲಾರಿಗಳಲ್ಲಿ ಏರಿಸಿಡಬೇಕು. ಅಲ್ಲಿಂದಾಚೆ ಸಿಯಾಚಿನ್ ಠಾಣೆಗಳಿಗೆ ಹೆಲಿಕಾಪ್ಟರು, ಕೊನೆಗೆ ಪೋರ್ಟರುಗಳ ಬೆನ್ನು. ಇಂಥವರ ಮುಂದೆ ಮೇಷ್ಟ್ರು ‘ಜಸ್ಟ್ ಇನ್ ಟೈಮ್’ ಬೋಧಿಸಿದರು: ಗೋದಾಮಿನಲ್ಲಿ ಸರಕು ಕೊಳೆಹಾಕಬಾರದು, ಬೇಕಾದ ಹೊತ್ತಿಗೆ ಬೇಕಾದಷ್ಟೇ ತರಿಸಬೇಕು, ಟೊಯೊಟಾದವರು ಗೆದ್ದದ್ದೇ ಹೀಗೆ.

ಸಾಹೇಬರು ಎದ್ದು ನಿಂತರು. “ಟೊಯೊಟಾದವರಿಗೆ ಜೊಜಿಲಾ ಇಲ್ಲ, ಸರ್.”

ಆ ಪಾಠ ಅಲ್ಲಿಗೇ ಮುಗಿಯಿತು.

ಹಾಗಂತ ಅವರೇನೂ ಸರ್ವಜ್ಞರಲ್ಲ. ಲಾಭ ಎಂಬ ಎರಡಕ್ಷರ ಅವರ ತಲೆಗೆ ಇಳಿಯಲೇ ಇಲ್ಲ. ಸೋಪಿನಿಂದ ಸ್ಕೂಟರಿನವರೆಗೆ ಫೌಜಿನ ಸಿ.ಎಸ್.ಡಿ. ಕ್ಯಾಂಟೀನಿನಲ್ಲೇ ಕೊಂಡ ಜೀವ, ಎಂ.ಆರ್.ಪಿ. ಅವರ ಕಣ್ಣಿಗೆ ಹಾಡಹಗಲ ದರೋಡೆ. ಶ್ಯಾಂಪೂವಿಗೆ ಬೆಲೆ ಕಟ್ಟಿ ಎಂದರೆ ಅಸಲಿನ ಮೇಲೆ ನಾಲ್ಕಾಣೆ ಇಟ್ಟರು. “ಕಂಪನಿಗೆ ಏನು ಉಳೀತು ಸರ್?” ಎಂದು ಮಾರ್ಕೆಟಿಂಗ್ ಮೇಡಂ ಕೇಳಿದರು. “ಮರ್ಯಾದೆ, ಮೇಡಂ.”

ಗುಂಪಿನ ಪ್ರಾಜೆಕ್ಟಿಗೆ ಮಾತ್ರ ಎಲ್ಲರಿಗೂ ಅವರೇ ಬೇಕು. ಬೆಳಿಗ್ಗೆ ಆರಕ್ಕೆ ಹಾಸ್ಟೆಲ್ ಮುಂದೆ ಫಾಲಿನ್. ಮಧ್ಯಾಹ್ನಕ್ಕೆ ಏಳುತ್ತಿದ್ದ ಹುಡುಗರು ಈಗ ಐದೂ ಐವತ್ತಕ್ಕೇ ಲ್ಯಾಪ್‌ಟಾಪ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಇದನ್ನು ಕಂಡ ತಾಯಂದಿರು ಸಾಹೇಬರ ಮನೆಗೆ ಹಲಸಿನ ಹಪ್ಪಳ ಕಳಿಸುತ್ತಾರೆ.

ಕೊನೆಗೆ ಕ್ಯಾಂಪಸ್ ಸಂದರ್ಶನ. ಗೋದಾಮುಗಳ ಕಂಪನಿ, ಎಚ್.ಆರ್. ಹುಡುಗಿಗೆ ಸಾಹೇಬರ ಮಗಳ ವಯಸ್ಸು.

“ಇನ್ನು ಐದು ವರ್ಷಕ್ಕೆ ನೀವು ಎಲ್ಲಿರ್ತೀರಾ ಸರ್?”

“ಅದು ಪೋಸ್ಟಿಂಗ್ ಆರ್ಡರಲ್ಲಿ ಬರುತ್ತಮ್ಮ.”

ಅವಳಿಗೆ ಖುಷಿಯಾಯಿತು, ಕೆಲಸ ಕೊಟ್ಟೇಬಿಟ್ಟಳು. ಸಂಬಳಕ್ಕೆ ಸಾಹೇಬರು ಚೌಕಾಶಿ ಮಾಡಲಿಲ್ಲ. ಆಮೇಲೆ ಅವಳು ರಜೆಯ ನಿಯಮ ಓದಿದಳು: ವರ್ಷಕ್ಕೆ ಒಟ್ಟು 18 ದಿನ. ಫೌಜಿನಲ್ಲಿ 60 ದಿನ ವಾರ್ಷಿಕ ರಜೆ, ಮೇಲೆ 30 ದಿನ ಕ್ಯಾಶುಯಲ್ ಕಂಡಿದ್ದ ಸಾಹೇಬರು ನೆಟ್ಟಗೆ ಕೂತರು.

“ಯಾಕಮ್ಮಾ, ಯುದ್ಧ ಏನಾದ್ರೂ ಶುರುವಾಗಿದೆಯಾ?”