ಗೌರಿ ಹೂವಿನ ಪತ್ತೆ: ಧಾರವಾಡ ಜಿಲ್ಲೆಗೆ ಅನ್ವಯಿಸುವಂತೆ

ಗೌರಿ ಹೂ ಅಡವಿಯ ಅಂಚಿನಲ್ಲಿ, ಬೇಲಿಯಲ್ಲಿ, ಹುಲ್ಲುಗಾವಲಿನಲ್ಲಿ ತಾನಾಗಿ ಬೆಳೆದು, ವರ್ಷವರ್ಷವೂ ಗೆಡ್ಡೆಯಿಂದ ಚಿಗುರುವ ಬಳ್ಳಿ. ಲಿನೇಯಸ್ 1753ರಲ್ಲಿ ಇದನ್ನು ಗ್ಲೋರಿಯೋಸಾ ಸುಪರ್ಬಾ ಎಂದು ಕರೆದ. ಅವನಿಗಾಗಿ ಕಾಯದೆ ಧಾರವಾಡ ಸೀಮೆ ತನ್ನ ಸಸ್ಯವರ್ಗೀಕರಣವನ್ನು ಮುಗಿಸಿಕೊಂಡಿತ್ತು: ಬಿತ್ತಿದ್ದು ಪೀಕು, ಬಿತ್ತದೆ ಬಂದದ್ದು ಕಸ. ಕಸದಲ್ಲಿ ದನ ತಿನ್ನುವಂಥದ್ದಕ್ಕೆ ಮೇವು ಎಂಬ ಉಪವರ್ಗವುಂಟು. ಈ ಪದ್ಧತಿಯಲ್ಲಿ ಗೌರಿ ಹೂ ನಿರ್ವಿವಾದವಾಗಿ ಕಸ. ಆದರೆ ಕುರ್ಚಿಗಿ ಹಿಡಿದ ಕೈ ಈ ಬಳ್ಳಿಯ ಮುಂದೆ ಮಾತ್ರ ಒಂದು ಗಳಿಗೆ ತಡೆಯುತ್ತದಾದ್ದರಿಂದ ವಿವೇಚನೆ ಅಗತ್ಯ.

ಮೊದಲನೆಯದು ಸ್ಥಳನಿರ್ಣಯ. ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳಲ್ಲಿ ಹೆಸರು, ಕಡಲೆ, ಹತ್ತಿಗಳ ನಡುವೆ ನಿಂತು ಈ ಹೂವನ್ನು ಹುಡುಕುವವನನ್ನು ಊರವರು ಸರ್ವೆಯವನೆಂದು ಗುರುತಿಸುವ ಸಂಭವವೇ ಹೆಚ್ಚು. ಕಲಘಟಗಿಯ ಮಲ್ಲಾಡ ಸೆರಗಿನಲ್ಲಿ, ಬಳ್ಳಿ ಹಬ್ಬಲು ಕಂಟಿ ಸಿಗುವ ಕಡೆ, ಶೋಧಕನಿಗೆ ಈ ಅಪಾಯ ಕಡಿಮೆ.

ಎರಡನೆಯದು ಕಾಲನಿರ್ಣಯ. ಬೇಸಿಗೆಯಲ್ಲಿ ಬಳ್ಳಿ ಪೂರ್ತಿ ಒಣಗಿ, ಗೆಡ್ಡೆಯೊಂದೇ ನೆಲದೊಳಗೆ ಉಳಿಯುತ್ತದೆ. ಆದ್ದರಿಂದ ಆಗ ಇದರ ಮುಖ್ಯ ಲಕ್ಷಣ ಏನೂ ಕಾಣದಿರುವುದು. ಈ ಲಕ್ಷಣ ಜಿಲ್ಲೆಯ ಇನ್ನೂ ಅನೇಕ ಸಸ್ಯಗಳಿಗೂ ಕೆಲವು ಯೋಜನೆಗಳಿಗೂ ಸಮಾನವಾಗಿರುವುದರಿಂದ ಇದನ್ನೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ಹಬ್ಬವನ್ನು ನೋಡಿ ಹೊರಡುವವರಿಗೂ ಎಚ್ಚರಿಕೆ ಬೇಕು. ಭಾದ್ರಪದದ ಗೌರಿಯ ಹೊತ್ತಿಗೆ ಹೂ ಅರಳಿರುತ್ತದೆ. ಕಾರ್ತಿಕದ ಗೌರಿ ಹುಣ್ಣಿಮೆಗೆ, ಅಂದರೆ ಸಕ್ಕರಿ ಆರತಿಯ ಗೌರಿಗೆ, ಹೋದವರಿಗೆ ಸಿಗುವುದು ಒಣಗಿದ ಬಳ್ಳಿ, ಬಿರಿದ ಕಾಯಿ, ಕೆಂಪು ಬೀಜ. ಗೌರಿ ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳದ ಸಸ್ಯಶಾಸ್ತ್ರ ವ್ಯರ್ಥ.

ಹೂವಿಲ್ಲದಾಗ ಎಲೆಯನ್ನು ನೋಡಬೇಕು. ಇದರ ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುತ್ತದೆ. ಬೇರೆ ಬಳ್ಳಿಗಳಂತೆ ಹಿಡಿತಕ್ಕೆ ಪ್ರತ್ಯೇಕ ಅಂಗವನ್ನು ನೇಮಿಸಿಕೊಂಡಿಲ್ಲ. ಹೂವಿನ ವಿಷಯದಲ್ಲಿ ಪಂಡಿತರು ಜಗಳಾಡುವುದು ಸಹಜ. ತಲೆ ತಗ್ಗಿಸಿದ ಹೂವಿನ ಆರು ಅಲೆಯಂಚಿನ ದಳಗಳು ಹಿಂದಕ್ಕೆ ಮೇಲ್ಮುಖವಾಗಿ ಮಡಚಿಕೊಳ್ಳುತ್ತವೆ. ಬಣ್ಣ ಮೊದಲು ಹಸಿರು ಬೆರೆತ ಹಳದಿ, ಆಮೇಲೆ ಬುಡ ಹಳದಿ ತುದಿ ಕೆಂಪು, ಕಡೆಗೆ ಎಲ್ಲವೂ ಕಡುಗೆಂಪು. ಬೇರೆಬೇರೆ ದಿನ ಬಂದ ಮೂವರು ಪಂಡಿತರು ಮೂರು ಪ್ರಭೇದಗಳನ್ನು ಸ್ಥಾಪಿಸಿ, ನಾಲ್ಕನೆಯ ದಿನ ವಿಚಾರಸಂಕಿರಣ ನಡೆಸಬಹುದು. ಅವರೆಲ್ಲ ಒಪ್ಪಬೇಕಾದ ಲಕ್ಷಣ ಒಂದಿದೆ: ಹೂವಿನ ಶಲಾಕೆ ಬುಡದಲ್ಲೇ ಹೆಚ್ಚುಕಡಿಮೆ ಲಂಬಕೋನಕ್ಕೆ ಮುರಿದು, ದಾರಿ ಕೇಳಿದವನಿಗೆ ಕೈಮಾಡಿ ತೋರಿಸಿದಂತೆ ಪಕ್ಕಕ್ಕೆ ಚಾಚಿರುತ್ತದೆ.

1947ರಲ್ಲಿ ದಕ್ಷಿಣ ರೊಡೇಷ್ಯಾದ ಶಾಲಾಮಕ್ಕಳು ರಾಜಕುಮಾರಿ ಎಲಿಜಬೆತ್‌ಗೆ ಇದೇ ಹೂವನ್ನು ವಜ್ರದಲ್ಲಿ ಮಾಡಿಸಿ ಕೊಟ್ಟರು. ಅದು ಬಣ್ಣ ಬದಲಿಸದ ಕಾರಣ ಗುರುತಿಸಲು ಸುಲಭ, ಆದರೆ ಕಲಘಟಗಿಯಲ್ಲಿ ವಿರಳ. ಜಿಂಬಾಬ್ವೆಗೆ ಇದು ರಾಷ್ಟ್ರಪುಷ್ಪ, ತಮಿಳುನಾಡಿಗೆ ರಾಜ್ಯಪುಷ್ಪ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದರ ಸಾಗುವಳಿಯೂ ಇದೆ. ಕಲಘಟಗಿಯ ಬದುವಿನ ಮೇಲೆ ಇದಕ್ಕೆ ಇನ್ನೂ ಯಾವ ಹುದ್ದೆಯೂ ಸಿಕ್ಕಿಲ್ಲ.

ಕೊನೆಯದು ಗೆಡ್ಡೆ. ಅದರ ಆಕಾರ ನೇಗಿಲಿನದು. ಪ್ರತಿವರ್ಷ ಹಳೆಯ ಗೆಡ್ಡೆ ಸೊರಗಿ ಹೊಸದು ಅದರ ಜಾಗಕ್ಕೆ ಬರುತ್ತದೆ. ತಲಾಠಿ ಇಲ್ಲದೆ, ಉತಾರದಲ್ಲಿ ವಾರಸಾ ಏರಿಸದೆ, ಅಣ್ಣತಮ್ಮಂದಿರ ತಕರಾರಿಲ್ಲದೆ ಆಸ್ತಿ ಕೈಬದಲಾಗುವ ಇಂಥ ಉದಾಹರಣೆ ತಾಲೂಕಿನಲ್ಲಿ ಅಪರೂಪ. ಕುರ್ಚಿಗಿ ತಡೆಯುವುದು ಮಾತ್ರ ಬೇರೆ ಕಾರಣಕ್ಕೆ. ಬಳ್ಳಿಯ ಎಲ್ಲ ಭಾಗದಲ್ಲೂ, ಗೆಡ್ಡೆ ಮತ್ತು ಬೀಜಗಳಲ್ಲಂತೂ ಹೆಚ್ಚಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ಅಳತೆಯಲ್ಲಿ ಕೊಟ್ಟರೆ ಅದು ಗೌಟ್ ಎಂಬ ಕೀಲುನೋವಿಗೆ ಔಷಧ. ಅಳತೆ ಮೀರಿದರೆ ವಾಂತಿಭೇದಿಯಿಂದ ಶುರುವಾಗಿ ಜೀವವನ್ನೇ ತೆಗೆಯಬಲ್ಲದು. ಹೊಲದಲ್ಲಿ ಮುದುಕಿಯರು ಬಳಸುವ ವಿಧಾನ ಇದನ್ನೆಲ್ಲ ಒಂದೇ ವಾಕ್ಯಕ್ಕೆ ಇಳಿಸಿದೆ: “ಏ ತಮ್ಮಾ, ಅದಕ್ಕ ಕೈ ಹಚ್ಚಬ್ಯಾಡ.” ಇದಕ್ಕೆ ಭೂತಗನ್ನಡಿ ಬೇಡ, ಹೂ ಅರಳುವ ತನಕ ಕಾಯುವುದೂ ಬೇಡ. ಗೆಡ್ಡೆಯನ್ನು ಗೆಣಸೆಂದು ತಿಂದು ಪರೀಕ್ಷಿಸಿದವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದ ತುಂಡನ್ನೂ ಜೊತೆಗೆ ಒಯ್ದರೆ ಗುರುತಿಸುವ ಹೊಣೆ ಡಾಕ್ಟರರ ಪಾಲಿಗೆ ಹೋಗುತ್ತದೆ.